ಕರಾವಳಿಯ ಮನೆಯಲ್ಲಿ ಕಿರಾಣಾ: ಘರಾಣೆ ಎಂದರೇನು, ಯಾರನ್ನು ಕೇಳಬೇಕು?

ಓದುಗರ ಪ್ರಶ್ನೆ: ನಾವು ಕುಮಟಾ ತಾಲ್ಲೂಕಿನವರು. ನಮ್ಮ ಹನ್ನೆರಡು ವರ್ಷದ ಮಗಳು ಕೆಲವು ವರ್ಷಗಳಿಂದ ಹಿಂದೂಸ್ತಾನಿ ಗಾಯನ ಕಲಿಯುತ್ತಿದ್ದಾಳೆ. ಗುರುಗಳು ‘ನಮ್ಮದು ಕಿರಾಣಾ’ ಎನ್ನುತ್ತಾರೆ. ಉಡುಪಿಯಲ್ಲಿರುವ ನಮ್ಮ ನೆಂಟರ ಮಕ್ಕಳು ಕರ್ನಾಟಕ ಸಂಗೀತ ಕಲಿಯುತ್ತಾರೆ. ಒಂದೇ ಕರಾವಳಿಯಲ್ಲಿ ಈ ಭೇದ ಯಾಕೆ? ಘರಾಣೆ ಎಂದರೆ ನಿಜವಾಗಿ ಏನು? ಮನೆಯಲ್ಲಿ ಅವಳಿಗೆ ಯಾರ ಗಾಯನ ಕೇಳಿಸಬೇಕು? ಬೇರೆ ಘರಾಣೆಯವರನ್ನೋ ಯಕ್ಷಗಾನದ ಪದಗಳನ್ನೋ ಕೇಳಿದರೆ ಕಲಿಕೆ ಕೆಡುತ್ತದೆಯೆ?

ಉತ್ತರ: ಮೊದಲ ಪ್ರಶ್ನೆಗೆ ಉತ್ತರ ಕೊಡಲು ಸಂಗೀತವನ್ನು ಸ್ವಲ್ಪ ಹೊತ್ತು ಬದಿಗಿಟ್ಟು ಹತ್ತಿಯ ವ್ಯಾಪಾರದಿಂದ ಆರಂಭಿಸಬೇಕಾಗುತ್ತದೆ. ಕೆನರಾ ಒಂದೇ ಜಿಲ್ಲೆಯಾಗಿದ್ದಾಗ ಅದು ಪೂರ್ತಿಯಾಗಿ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ನಿಮ್ಮೂರಿನ ಬಂದರಿಗೆ ಬಂದು, ಅಲ್ಲಿಂದ ಹಡಗಿನಲ್ಲಿ ಮುಂಬಯಿಗೆ ಹೋಗುತ್ತಿತ್ತು. ಆ ಹತ್ತಿಗೆ ಪೇಟೆಯಲ್ಲಿ ‘ಕುಮಟಾ’ ಎಂಬ ಹೆಸರೇ ಬಿದ್ದಿತ್ತು. ಹತ್ತಿ ಬೆಳೆಯುವ ನೆಲ ಮುಂಬಯಿ ಪ್ರಾಂತ್ಯದಲ್ಲಿಯೂ ಅದನ್ನು ಸಾಗಿಸುವ ಬಂದರು ಮದರಾಸು ಪ್ರಾಂತ್ಯದಲ್ಲಿಯೂ ಇರುವುದು ಇಂಗ್ಲೆಂಡಿನ ಗಿರಣಿ ಮಾಲೀಕರಿಗೆ ಹಿಡಿಸಲಿಲ್ಲ. ಅವರ ಒತ್ತಾಯವೂ ಕಾರವಾರವನ್ನು ದೊಡ್ಡ ಬಂದರಾಗಿ ಬೆಳೆಸುವ ಆಸೆಯೂ ಸೇರಿ 1862ರಲ್ಲಿ ಉತ್ತರ ಕನ್ನಡವನ್ನು ಮುಂಬಯಿ ಪ್ರಾಂತ್ಯಕ್ಕೆ ವರ್ಗಾಯಿಸಲಾಯಿತು. ಉಡುಪಿ ಆಗ ಸೇರಿದ್ದ ದಕ್ಷಿಣ ಕನ್ನಡ ಮದರಾಸಿನಲ್ಲಿಯೇ ಉಳಿಯಿತು. 1956ರ ಏಕೀಕರಣದವರೆಗೆ ಈ ಎರಡು ಜಿಲ್ಲೆಗಳ ಕಚೇರಿ, ಕೋರ್ಟು, ಶಾಲೆ, ನೌಕರಿ ಎಲ್ಲವೂ ಬೇರೆ ಬೇರೆ ದಿಕ್ಕಿಗೆ ಮುಖ ಮಾಡಿದ್ದವು. ಓದಲು ಹೋಗುವವರು ಇಲ್ಲಿಂದ ಧಾರವಾಡಕ್ಕೋ ಮುಂಬಯಿಗೋ ಹೋದರು, ಅಲ್ಲಿಂದ ಮದರಾಸಿಗೆ ಹೋದರು. ಹೋದ ಊರಿನ ಸಂಗೀತ ಮನೆಗೆ ಬಂತು.

ಧಾರವಾಡಕ್ಕೆ ಹಿಂದೂಸ್ತಾನಿ ಸಂಗೀತ ಬಂದ ಬಗೆಯೂ ಇಷ್ಟೇ ಸ್ವಾರಸ್ಯವಾಗಿದೆ, ಏಕೆಂದರೆ ಅದಕ್ಕೆ ಒಂದು ಮುಖ್ಯ ಕಾರಣ ದಕ್ಷಿಣದ ಮೈಸೂರು ಅರಮನೆ. ಒಡೆಯರ ಆಸ್ಥಾನ ಉತ್ತರದ ಉಸ್ತಾದರನ್ನು ಕರೆಸಿಕೊಳ್ಳುತ್ತಿತ್ತು. ಆಗ್ರಾ ಘರಾಣೆಯ ನತ್ಥನ್ ಖಾನ್ ಅಲ್ಲಿಯೇ ಇದ್ದು 1901ರಲ್ಲಿ ಅಲ್ಲಿಯೇ ತೀರಿಕೊಂಡರು. ಕಿರಾಣಾದ ಅಬ್ದುಲ್ ಕರೀಂ ಖಾನರು ಮಿರಜಿನಿಂದ ಮೈಸೂರಿಗೆ ಹೋಗಿ ಬರುವ ದಾರಿಯಲ್ಲಿ ಹುಬ್ಬಳ್ಳಿ, ಧಾರವಾಡ, ಕುಂದಗೋಳಗಳಲ್ಲಿ ತಂಗಿದರು, ಹಾಡಿದರು, ಶಿಷ್ಯರನ್ನು ಮಾಡಿಕೊಂಡರು. ನತ್ಥನ್ ಖಾನರ ಶಿಷ್ಯ ಭಾಸ್ಕರಬುವಾ ಬಖಲೆಯವರು ಧಾರವಾಡದ ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ಸಂಗೀತ ಕಲಿಸಿದರು. ಇದಕ್ಕೆ ಮರಾಠಿ ನಾಟಕ ಕಂಪನಿಗಳು ಸೇರಿಕೊಂಡವು. ರಾಗದ ನೆರಳಿರುವ ನಾಟ್ಯಗೀತಗಳು ಊರೂರಿನ ಜನರ ಬಾಯಿಗೆ ಬಂದವು. 1950ರಲ್ಲಿ ಧಾರವಾಡ ಆಕಾಶವಾಣಿ ಆರಂಭವಾದ ಮೇಲೆ ಘಟ್ಟದ ಮೇಲಿನ ತೋಟದ ಮನೆಗಳಲ್ಲಿಯೂ ಖಯಾಲ್, ಅಂದರೆ ಹಿಂದೂಸ್ತಾನಿ ಗಾಯನದ ಮುಖ್ಯ ಪ್ರಕಾರ, ಕೇಳತೊಡಗಿತು. ಮೈಸೂರು ಕರೆಯದಿದ್ದರೆ ಧಾರವಾಡ ಇಷ್ಟು ದೊಡ್ಡ ಹಿಂದೂಸ್ತಾನಿ ಕೇಂದ್ರವಾಗುತ್ತಿತ್ತೇ ಎಂಬ ಅನುಮಾನ ನನಗೆ ಯಾವಾಗಲೂ ಇದೆ.

ಆದ್ದರಿಂದ ನಮ್ಮ ಜಿಲ್ಲೆಗೆ ಘರಾಣೆಗಳು ಒಂದೇ ಬಾಗಿಲಿನಿಂದ ಒಳಗೆ ಬರಲಿಲ್ಲ. ಘಟ್ಟದ ದಾರಿಯಿಂದ, ಅಂದರೆ ಧಾರವಾಡದಿಂದ, ಕಿರಾಣಾ ಮತ್ತು ಗ್ವಾಲಿಯರ್ ಬಂದವು: ಈ ಜಿಲ್ಲೆಯವರೇ ಆದ ಗಣಪತಿ ಭಟ್ಟ ಹಾಸಣಗಿ, ಪರಮೇಶ್ವರ ಹೆಗಡೆ ಇಬ್ಬರೂ ಧಾರವಾಡದ ಬಸವರಾಜ ರಾಜಗುರುಗಳ ಬಳಿ ಕಲಿತವರು. ಕಾಳಿ ನದಿಯ ಆಚೆಗಿನ ಗೋವಾ ಜಯಪುರ-ಅತ್ರೌಳಿ ಘರಾಣೆಯ ಇಬ್ಬರು ಮಹಾನ್ ಗಾಯಕಿಯರನ್ನು ಕೊಟ್ಟಿತು. ಕೇಸರಬಾಯಿ ಕೇರ್ಕರ್ ಕೇರಿಯವರು, ಮೊಗುಬಾಯಿ ಕುರ್ಡಿಕರ್ ಕುರ್ಡಿಯವರು. (ಕುರ್ಡಿ ಈಗ ಸಾಳಾವಳಿ ಅಣೆಕಟ್ಟಿನ ನೀರಿನಲ್ಲಿ ಮುಳುಗಿರುವ ಊರು, ಬೇಸಿಗೆಯ ಕೊನೆಯಲ್ಲಿ ನೀರಿಳಿದಾಗ ಕೆಲವು ವಾರ ಮಾತ್ರ ಕಾಣಿಸುತ್ತದೆ.) ಮೂರನೆಯ ದಾರಿ ಮುಂಬಯಿಯದು. ಭಟ್ಕಳದ ಶಿರಾಲಿಯ ಮಠಕ್ಕೆ ನಡೆದುಕೊಳ್ಳುವ ಚಿತ್ರಾಪುರ ಸಾರಸ್ವತರಲ್ಲಿ ಎಸ್.ಸಿ.ಆರ್. ಭಟ್, ದಿನಕರ ಕಾಯ್ಕಿಣಿ ಮೊದಲಾದವರು ಲಖನೌದಲ್ಲಿ ಎಸ್.ಎನ್. ರಾತಂಜನಕರರ ಬಳಿ ಕಲಿತು ಆಗ್ರಾ ಶೈಲಿಯನ್ನು ಮುಂಬಯಿಯಲ್ಲಿ ಬೆಳೆಸಿದರು. ಅಲ್ಲಿ ನೆಲೆಸಿದ ನಮ್ಮ ಕರಾವಳಿಯ ಮನೆತನಗಳ ಮೂಲಕ ಆ ರುಚಿ ಊರಿಗೂ ಬಂತು.

ಈಗ ನಿಮ್ಮ ಎರಡನೆಯ ಪ್ರಶ್ನೆ. ಘರಾಣೆಯನ್ನು ವಂಶಾವಳಿಯ ಪಟ್ಟಿಯಾಗಿ ಹೇಳಿಕೊಡುವುದು ರೂಢಿ, ಪರೀಕ್ಷೆಯಲ್ಲಿಯೂ ಅದನ್ನೇ ಕೇಳುತ್ತಾರೆ; ಆದರೆ ಆ ಪಟ್ಟಿಯನ್ನು ಬಾಯಿಪಾಠ ಮಾಡಿದ ಮಗುವಿಗೆ ಕಿವಿಯಿಂದ ಒಂದು ಘರಾಣೆಯನ್ನು ಗುರುತಿಸಲು ಬರುವುದಿಲ್ಲ. ನನ್ನ ತಿಳಿವಳಿಕೆಯಲ್ಲಿ ಘರಾಣೆ ಎಂದರೆ ರಾಗವನ್ನು ಬಿಡಿಸಿ ಹೇಳುವಾಗ ಸ್ವರ, ಲಯ, ಬಂದಿಶ್ (ಕಟ್ಟಿದ ಹಾಡು), ಮಾತು ಇವುಗಳಲ್ಲಿ ಯಾವುದಕ್ಕೆ ಮೊದಲ ಮಣೆ, ಯಾವುದಕ್ಕೆ ನಂತರದ್ದು ಎಂಬ ತೀರ್ಮಾನ. ಆ ತೀರ್ಮಾನ ಗುರುವಿನಿಂದ ಶಿಷ್ಯನಿಗೆ ಮೂರು ನಾಲ್ಕು ತಲೆಮಾರು ಇಳಿದು ಬಂದಾಗ ದನಿ ತೆಗೆಯುವ ಕ್ರಮ, ಆರಿಸಿಕೊಳ್ಳುವ ತಾಳ, ಇಷ್ಟವಾಗುವ ರಾಗಗಳು ಎಲ್ಲವೂ ಅದಕ್ಕೆ ಹೊಂದಿಕೊಂಡು ಒಂದು ಗಾಯಕಿ, ಅಂದರೆ ಹಾಡುವ ರೀತಿ, ಆಗುತ್ತದೆ.

ಕಿರಾಣಾದಲ್ಲಿ ಮೊದಲ ಮಣೆ ಸ್ವರಕ್ಕೆ. ಹೆಸರು ಬಂದದ್ದು ಉತ್ತರ ಪ್ರದೇಶದ ಕೈರಾನಾ ಊರಿನಿಂದ. ಅಬ್ದುಲ್ ಕರೀಂ ಖಾನ್ (1872–1937) ಅಲ್ಲಿ ಹುಟ್ಟಿ ಮಿರಜಿನಲ್ಲಿ ನೆಲೆಸಿದವರು. ಅವರ ಬಂಧುವೇ ಆದ ಅಬ್ದುಲ್ ವಹೀದ್ ಖಾನರು ವಿಲಂಬಿತವನ್ನು, ಅಂದರೆ ನಿಧಾನ ಗತಿಯ ಹಾಡಿಕೆಯನ್ನು, ಇನ್ನಷ್ಟು ನಿಧಾನಗೊಳಿಸಿದರು. ಮಗಳ ಪಾಠದಲ್ಲಿ ಬಂದಿರಬಹುದಾದ ವಿಲಂಬಿತ ಏಕತಾಲವನ್ನೇ ನೋಡಿ. ‘ಧಿಂ ಧಿಂ ಧಾಗೆ ತಿರಕಿಟ ತೂ ನಾ ಕತ್ ತಾ ಧಾಗೆ ತಿರಕಿಟ ಧೀ ನಾ’ ಎಂಬ ಹನ್ನೆರಡು ಮಾತ್ರೆಗಳ ಠೇಕಾ, ಅಂದರೆ ತಬಲಾದ ನುಡಿಸಾಣಿಕೆ, ಅದು. ಅತಿ ವಿಲಂಬಿತದಲ್ಲಿ ಒಂದೊಂದು ಮಾತ್ರೆಯನ್ನೂ ನಾಲ್ಕಾಗಿ ಎಣಿಸಬೇಕಾಗುತ್ತದೆ, ಹೀಗೆ ಒಂದು ಆವರ್ತನಕ್ಕೆ, ಅಂದರೆ ತಾಳದ ಒಂದು ಸುತ್ತಿಗೆ, ನಲವತ್ತೆಂಟು ಎಣಿಕೆ. ಅಷ್ಟು ಅಗಲವಾದ ಆವರ್ತನ ಸಿಕ್ಕಿದಾಗ ಗಾಯಕ ಒಂದೇ ಸ್ವರದ ಮೇಲೆ ನಿಲ್ಲಬಹುದು, ಮತ್ತು ಕಿರಾಣಾ ಗಾಯಕ ನಿಲ್ಲುತ್ತಾನೆ. ಯಮನ್ ರಾಗವಾದರೆ ಮಂದ್ರದ ನಿಷಾದದಿಂದ ರಿಷಭಕ್ಕೆ ಬಂದು ಷಡ್ಜಕ್ಕೆ ಇಳಿಯುವುದು, ಮತ್ತೆ ‘ನಿ ರಿ ಗ’ ಎಂದು ಗಾಂಧಾರವನ್ನು ತೋರಿಸಿ ಹಿಂದೆ ಸರಿಯುವುದು, ಮುಂದಿನ ಆವರ್ತನದಲ್ಲಿ ಅದೇ ಗಾಂಧಾರದ ಮೇಲೆ ದೀರ್ಘವಾಗಿ ನಿಲ್ಲುವುದು. ತೀವ್ರ ಮಧ್ಯಮ ಕಾಣಿಸಿಕೊಳ್ಳಲು ಕೇಳುಗ ಕಾಯಬೇಕು. ಸಮ್, ಅಂದರೆ ಆವರ್ತನದ ಮೊದಲ ಮಾತ್ರೆ, ಹತ್ತಿರ ಬಂದಾಗ ಬಂದಿಶಿನ ಮುಖಡಾ (ಆರಂಭದ ತುಣುಕು) ಹಿಡಿದು ಸೇರಿಕೊಂಡರಾಯಿತು, ಅಲ್ಲಿಯವರೆಗೆ ತಾಳ ಹಿಂದೆ ನಿಂತ ಗೋಡೆಯಷ್ಟೇ. ಈ ಕ್ರಮಕ್ಕೆ ತೆರಬೇಕಾದ ಬೆಲೆಯೂ ಇದೆ: ಕಿರಾಣಾದಲ್ಲಿ ಬಂದಿಶಿನ ಮಾತುಗಳು ಸವೆದು ಹೋಗುತ್ತವೆ ಎಂಬುದು ಹಳೆಯ ಆಕ್ಷೇಪ, ಅದರಲ್ಲಿ ಹುರುಳಿಲ್ಲ ಎಂದು ನಾನು ಹೇಳಲಾರೆ. ನಿಮ್ಮ ಮಗಳ ಮನೆಮಾತು ಕನ್ನಡವೋ ಹವ್ಯಕವೋ ಕೊಂಕಣಿಯೋ ಆಗಿರುತ್ತದೆ, ಬಂದಿಶ್ ಇರುವುದು ಬ್ರಜಭಾಷೆಯಲ್ಲಿ. ಪ್ರತಿ ಬಂದಿಶಿನ ಅರ್ಥವನ್ನು ಗುರುಗಳಿಂದ ಕೇಳಿ ಬರೆದುಕೊಳ್ಳುವ ಅಭ್ಯಾಸವನ್ನು ಈಗಲೇ ಮಾಡಿಸಿ.

ಜಯಪುರ-ಅತ್ರೌಳಿಯ ಅಲ್ಲಾದಿಯಾ ಖಾನರ (1855–1946) ಪರಂಪರೆಯಲ್ಲಿ ಇದೇ ಯಮನ್ ಬೇರೆ ರೀತಿ ನಡೆಯುತ್ತದೆ. ಅಲ್ಲಿ ಹದಿನಾರು ಮಾತ್ರೆಗಳ ತೀನತಾಲ ಹೆಚ್ಚು, ಗತಿ ಅಷ್ಟು ನಿಧಾನವಲ್ಲ, ಮತ್ತು ಗಾಯಕ ಪ್ರತಿ ಮಾತ್ರೆಯ ಜೊತೆಗೂ ವ್ಯವಹಾರ ಇಟ್ಟುಕೊಂಡೇ ಮುಂದೆ ಹೋಗುತ್ತಾನೆ. ಆಕಾರದಲ್ಲಿ (‘ಆ’ ಎಂದು) ಎತ್ತಿದ ಒಂದು ಸ್ವರಗುಚ್ಛ ಎಲ್ಲಿ ಮುಗಿಯಿತು, ಮುಂದಿನದು ಎಲ್ಲಿ ಶುರುವಾಯಿತು ಎಂದು ಬೆರಳಿಟ್ಟು ತೋರಿಸುವುದು ಕಷ್ಟ. ಬಳಸಿಕೊಂಡು, ಸುತ್ತಿಕೊಂಡು, ಉಸಿರು ಬಿಡದೆ ಸಮ್‌ಗೆ ಬಂದು ಬೀಳುತ್ತದೆ. ಬಸಂತಿ ಕೇದಾರ, ಸಂಪೂರ್ಣ ಮಾಲಕಂಸ, ಖೋಕರ್‌ನಂಥ ಜೋಡುರಾಗಗಳೂ ಅಪರೂಪದ ರಾಗಗಳೂ ಈ ಮನೆಯ ಒಡವೆ. ಮಲ್ಲಿಕಾರ್ಜುನ ಮನ್ಸೂರರು (1910–1992) ಇಂಥ ರಾಗವೊಂದನ್ನು ಎತ್ತಿಕೊಂಡರೆ ಪೀಠಿಕೆಯಿಲ್ಲದೆ ನೇರವಾಗಿ ರಾಗದ ನಡುಮನೆಗೇ ಕರೆದೊಯ್ಯುತ್ತಿದ್ದರು. ಕೇಸರಬಾಯಿಯವರ ಭೈರವಿಯ ಮೂರೂವರೆ ನಿಮಿಷದ ಒಂದು ಧ್ವನಿಮುದ್ರಣ 1977ರಲ್ಲಿ ವಾಯೇಜರ್ ನೌಕೆಯ ಚಿನ್ನದ ತಟ್ಟೆಯಲ್ಲಿ ಬಾಹ್ಯಾಕಾಶಕ್ಕೆ ಹೋಯಿತು, ಅದೇ ವರ್ಷ ಅವರು ತೀರಿಕೊಂಡರು. ಆ ಸುದ್ದಿ ಎಲ್ಲರಿಗೂ ಗೊತ್ತಿರುತ್ತದೆ, ಆ ಮುದ್ರಣವನ್ನು ಕೊನೆಯವರೆಗೆ ಕೇಳಿದವರು ಕಡಿಮೆ.

ಗ್ವಾಲಿಯರ್ ಖಯಾಲಿನ ತಾಯಿಮನೆ. ಅಲ್ಲಿ ಬಂದಿಶನ್ನು ಸ್ಥಾಯಿ, ಅಂತರಾ ಎಂಬ ಎರಡೂ ಭಾಗಗಳ ಸಹಿತ ಪೂರ್ತಿ ಹಾಡಿ ಮುಂದೆ ಹೋಗುವ ಪದ್ಧತಿ, ಗತಿ ಮಧ್ಯಮ, ತಾನುಗಳು (ವೇಗದ ಸ್ವರಮಾಲೆಗಳು) ನೇರ. ಆಗ್ರಾದಲ್ಲಿ ಖಯಾಲಿಗಿಂತ ಹಳೆಯ ಧ್ರುಪದದಿಂದ ಬಂದ, ‘ನೋಂ, ತೋಂ’ ಎಂಬ ಅಕ್ಷರಗಳಲ್ಲಿ ಹಾಡುವ ಆಲಾಪವೂ ಬಂದಿಶಿನ ಮಾತುಗಳನ್ನು ಲಯದಲ್ಲಿ ಒಡೆದು ಹಂಚುವ ಬೋಲ್‌ಬಾಂಟ್ ಆಟವೂ ಪ್ರಧಾನ, ಅದಕ್ಕೆ ಫಯ್ಯಾಜ್ ಖಾನರನ್ನೇ ಕೇಳಬೇಕು. ಪಟಿಯಾಲದ ಬಡೇ ಗುಲಾಂ ಅಲಿ ಖಾನ್, ಇಂದೋರಿನ ಅಮೀರ್ ಖಾನ್ ಮುಂತಾದವರ ಮಾತನ್ನು ಮಗಳು ಇನ್ನೆರಡು ವರ್ಷ ಕಲಿತ ಮೇಲೆ ಎತ್ತಿಕೊಳ್ಳಬಹುದು.

ಉಡುಪಿಯ ನೆಂಟರ ಮಕ್ಕಳ ಜೊತೆ ಅವಳು ಕೂತು ಹಾಡಿಕೊಳ್ಳುವ ಸಂದರ್ಭ ಬಂದೇ ಬರುತ್ತದೆ, ಅದನ್ನು ತಪ್ಪಿಸಬೇಡಿ. ಅವಳ ಭೂಪ ಅವರ ಮೋಹನ, ಅವಳ ಮಾಲಕಂಸ ಅವರ ಹಿಂದೋಳ, ಅವಳ ಯಮನ್ ಹೆಚ್ಚುಕಡಿಮೆ ಅವರ ಕಲ್ಯಾಣಿ. ಅದೇ ವೇಳೆಗೆ ಹೆಸರು ಒಂದಾಗಿ ಸ್ವರ ಬೇರೆಯಾಗುವುದೂ ಇದೆ: ಅವಳ ತೋಡಿಯ ಸ್ವರಗಳು ಅವರಲ್ಲಿ ಶುಭಪಂತುವರಾಳಿಯಲ್ಲಿ ಸಿಗುತ್ತವೆ, ಅವರ ತೋಡಿ ಅವಳ ಕಿವಿಗೆ ಭೈರವಿಯ ಹತ್ತಿರ ಕೇಳಿಸುತ್ತದೆ. ಸ್ವರ ಒಂದಾದ ಮಾತ್ರಕ್ಕೆ ರಾಗ ಒಂದಾಗುವುದಿಲ್ಲ ಎಂಬುದು ಹಿಂದೂಸ್ತಾನಿಯ ಒಳಗೇ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಭೂಪ ಮತ್ತು ದೇಶಕಾರ ಎರಡರಲ್ಲಿಯೂ ಇರುವುದು ಸ ರಿ ಗ ಪ ಧ ಎಂಬ ಐದೇ ಸ್ವರಗಳು. ಭೂಪದ ಭಾರ ಗಾಂಧಾರದ ಮೇಲೆ, ಸಂಚಾರ ಕೆಳಭಾಗದಲ್ಲಿ, ಹೊತ್ತು ಸಂಜೆಯ ನಂತರ. ದೇಶಕಾರದ ಭಾರ ಧೈವತದ ಮೇಲೆ, ಸಂಚಾರ ಮೇಲಿನ ಷಡ್ಜದ ಆಸುಪಾಸು, ಹೊತ್ತು ಬೆಳಿಗ್ಗೆ. ಭೂಪ ಹಾಡುವಾಗ ಧೈವತದ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಂತರೂ ಗುರುಗಳು ತಕ್ಷಣ ತಡೆಯುತ್ತಾರೆ, ಯಾಕೆ ತಡೆದರು ಎಂಬುದನ್ನು ಮಗಳು ಆಗಲೇ ಕೇಳಿ ತಿಳಿದುಕೊಳ್ಳಲಿ.

ಬೇರೆ ಘರಾಣೆ ಕೇಳಿದರೆ ಕೆಡುತ್ತದೆಯೆ ಎಂಬ ಭಯಕ್ಕೆ ಪರಂಪರೆಯಲ್ಲಿಯೇ ಉತ್ತರವಿದೆ. ಕಿರಾಣಾದ ಅಬ್ದುಲ್ ಕರೀಂ ಖಾನರೇ ಕರ್ನಾಟಕ ಸಂಗೀತಕ್ಕೆ ಮನಸೋತು ಸರಗಮ್ (ಸ್ವರಗಳ ಹೆಸರುಗಳನ್ನೇ) ಹಾಡುವುದನ್ನು ತಮ್ಮ ಗಾಯನಕ್ಕೆ ತಂದುಕೊಂಡರು, ತ್ಯಾಗರಾಜರ ಕೃತಿಯನ್ನು ಧ್ವನಿಮುದ್ರಿಸಿದರು. ಅವರು ಕೊನೆಯುಸಿರೆಳೆದದ್ದೂ ದಕ್ಷಿಣದ ಪ್ರವಾಸದಲ್ಲಿ, ಮದರಾಸಿನ ಹತ್ತಿರದ ಸಿಂಗಪೆರುಮಾಳ್ ಕೋಯಿಲ್ ರೈಲು ನಿಲ್ದಾಣದಲ್ಲಿ. ಮನ್ಸೂರರು ಮೊದಲು ಕಲಿತದ್ದು ನೀಲಕಂಠಬುವಾ ಮಿರಜಕರರ ಬಳಿ ಗ್ವಾಲಿಯರ್, ಆಮೇಲೆ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್, ಬುರ್ಜಿ ಖಾನರ ಬಳಿ ಜಯಪುರ. ಬಸವರಾಜ ರಾಜಗುರುಗಳು ಪಂಚಾಕ್ಷರಿ ಗವಾಯಿಗಳಿಂದ ಆರಂಭಿಸಿ ಸವಾಯಿ ಗಂಧರ್ವರೂ ಸೇರಿದಂತೆ ಅನೇಕ ಗುರುಗಳಿಂದ ಪಡೆದರು. ಪಂಚಾಕ್ಷರಿ ಗವಾಯಿಗಳೋ ಎರಡೂ ಪದ್ಧತಿಗಳಲ್ಲಿ ಪಳಗಿದವರು. ಹಾಗಿದ್ದರೂ ಇವರಲ್ಲಿ ಪ್ರತಿಯೊಬ್ಬರೂ ಎಳವೆಯಲ್ಲಿ ಒಬ್ಬ ಗುರುವಿನ ಮುಂದೆ ವರ್ಷಗಟ್ಟಲೆ ಕುಳಿತವರು, ಬೆರಕೆ ಆದದ್ದು ಆಮೇಲೆ. ಆದ್ದರಿಂದ ನನ್ನ ಸಲಹೆ ಇಷ್ಟು: ಕೇಳುವುದಕ್ಕೆ ಯಾವ ಬೇಲಿಯೂ ಬೇಡ, ಹಾಡುವುದು ಮಾತ್ರ ಸದ್ಯಕ್ಕೆ ಗುರುಗಳು ಹೇಳಿಕೊಟ್ಟದ್ದನ್ನೇ. ಮೊಬೈಲಿನಲ್ಲಿ ಕೇಳಿದ ತಾನನ್ನು ಮಗು ಅನುಕರಿಸಿದಾಗ ಮನೆಯವರು ಚಪ್ಪಾಳೆ ತಟ್ಟುತ್ತಾರೆ. ಅಷ್ಟಕ್ಕೇ ಮಗು ನಾಳೆಯಿಂದ ಸ್ವರದ ಮೇಲೆ ನಿಲ್ಲುವುದನ್ನು ಬಿಟ್ಟು ತಾನಿನ ಬೆನ್ನು ಹತ್ತುತ್ತದೆ.

ಯಕ್ಷಗಾನದ ವಿಷಯ ಸ್ವಲ್ಪ ಬೇರೆ. ಬಡಗುತಿಟ್ಟಿನ ಭಾಗವತಿಕೆಗೆ ತನ್ನದೇ ತಾಳಗಳು, ತನ್ನದೇ ಮಟ್ಟುಗಳು (ಧಾಟಿಗಳು) ಇವೆ. ಕಡತೋಕಾ ಮಂಜುನಾಥ ಭಾಗವತರು, ನೆಬ್ಬೂರು ನಾರಾಯಣ ಭಾಗವತರಂಥವರ ಪದಗಳಲ್ಲಿ ರಾಗ ಕಥೆಯ ಕೆಲಸಕ್ಕೆ ಬೇಕಾದಷ್ಟೇ ಬರುತ್ತದೆ, ಮತ್ತು ಅದರ ಸೊಗಸಿರುವುದೂ ಆ ಮಿತಿಯಲ್ಲಿಯೇ. ಇತ್ತೀಚಿನ ದಶಕಗಳ ಭಾಗವತರು ಹಿಂದೂಸ್ತಾನಿ ರಾಗಗಳನ್ನು ಧಾರಾಳವಾಗಿ ತಂದುಕೊಂಡಿದ್ದಾರೆ, ಅದು ಹೆಚ್ಚಾಯಿತೆಂದು ಗೊಣಗುವ ಹಿರಿಯರೂ ಸಿರ್ಸಿ, ಹೊನ್ನಾವರಗಳಲ್ಲಿ ಬೇಕಾದಷ್ಟು ಸಿಗುತ್ತಾರೆ. ಮಗಳು ಆಟ ನೋಡಲಿ, ಪದ ಕೇಳಲಿ. ಲಯದ ಗಟ್ಟಿತನ ಅಲ್ಲಿ ಕಲಿಯುವಷ್ಟು ಚೆನ್ನಾಗಿ ಬೇರೆಲ್ಲೂ ಕಲಿಯಲಾಗುವುದಿಲ್ಲ. ಆದರೆ ಚಂಡೆಯ ಅಬ್ಬರವನ್ನು ಮೀರಿ ಕೇಳುವಂತೆ ಏರುಶ್ರುತಿಯಲ್ಲಿ ಹಾಡುವ ಅನುಕರಣೆ ಈ ವಯಸ್ಸಿನಲ್ಲಿ ಬೇಡ. ಈ ವಯಸ್ಸಿನ ಹುಡುಗಿಯರಿಗೆ ಸಾಮಾನ್ಯವಾಗಿ ಹಾರ್ಮೋನಿಯಮ್ಮಿನ ಕಪ್ಪು ಮನೆಗಳಾದ ಕರಿ ನಾಲ್ಕು ಅಥವಾ ಕರಿ ಐದರ ಶ್ರುತಿ ಹೊಂದುತ್ತದೆ. ಗುರುಗಳು ಗೊತ್ತು ಮಾಡಿದ ಶ್ರುತಿಯನ್ನು ಮನೆಯಲ್ಲಿ ಹಾರ್ಮೋನಿಯಮ್ಮಿನ ಅನುಕೂಲಕ್ಕಾಗಿ ಬದಲಾಯಿಸಬೇಡಿ.

ಇನ್ನು ಕೇಳಿಸುವ ಕ್ರಮ. ದಿನಕ್ಕೊಂದು ಹೊಸ ರಾಗ, ಹೊಸ ಗಾಯಕ ಎಂದು ಹೊರಟರೆ ಏನೂ ಉಳಿಯುವುದಿಲ್ಲ. ಅವಳು ಈಗ ಕಲಿಯುತ್ತಿರುವ ಒಂದೇ ರಾಗವನ್ನು ಹಿಡಿಯಿರಿ, ಅದೇ ರಾಗವನ್ನು ಒಂದು ತಿಂಗಳು ಮೂರು ನಾಲ್ಕು ಗಾಯಕರಿಂದ ಕೇಳಿಸಿ. ಕಿರಾಣಾದೊಳಗೇ ಎಷ್ಟು ಭಿನ್ನ ದನಿಗಳಿವೆ ಎಂಬುದು ಮೊದಲು ತಿಳಿಯಲಿ: ಹೀರಾಬಾಯಿ ಬಡೋದೇಕರರ ನಯ, ಗಂಗೂಬಾಯಿ ಹಾನಗಲ್ಲರ (1913–2009) ಗಂಡುದನಿಯ ಗಾಂಭೀರ್ಯ, ಭೀಮಸೇನ ಜೋಶಿಯವರ (1922–2011) ಬೀಸು. ಗಂಗೂಬಾಯಿ, ಭೀಮಸೇನರು ಇಬ್ಬರೂ ಕುಂದಗೋಳದ ಸವಾಯಿ ಗಂಧರ್ವರ ಶಿಷ್ಯರು, ಕಲಿತ ಮೂಲ ಒಂದೇ. ಆದರೂ ಒಬ್ಬರನ್ನು ಕೇಳಿ ಇನ್ನೊಬ್ಬರೆಂದು ಯಾರೂ ಮೋಸಹೋಗುವುದಿಲ್ಲ. ಭೀಮಸೇನರ ತಾನುಗಳಲ್ಲಿ ಬೇರೆ ಮನೆಗಳಿಂದ ಬಂದದ್ದೂ ಇದೆ, ಅದನ್ನು ಅವರು ಮುಚ್ಚಿಟ್ಟವರಲ್ಲ. ಇವರ ನಂತರ ಅದೇ ರಾಗ ಮನ್ಸೂರರಲ್ಲಿ ಹೇಗಾಗುತ್ತದೆ ನೋಡಲಿ, ಆಮೇಲೆ ಕಿಶೋರಿ ಅಮೋನಕರ್. ಕಿಶೋರಿಯವರು ಮೊಗುಬಾಯಿಯವರ ಮಗಳೂ ಶಿಷ್ಯೆಯೂ ಆಗಿದ್ದು, ತಾಯಿಯ ಜಯಪುರವನ್ನೇ ಹಾಡುತ್ತಾ ವಿಲಂಬಿತ ಆಲಾಪಕ್ಕೆ ಆ ಘರಾಣೆ ಕೊಡದಿದ್ದ ಜಾಗವನ್ನು ಕೊಟ್ಟರು. ಸುಳೇಭಾವಿಯ ಕುಮಾರ ಗಂಧರ್ವರನ್ನು ಮಾತ್ರ ಕೊನೆಗೆ ಇಟ್ಟುಕೊಳ್ಳಿ, ಅವರು ಯಾವ ಘರಾಣೆಯನ್ನು ಬಿಟ್ಟರು ಎಂಬುದು ತಿಳಿಯಲು ಘರಾಣೆ ಏನೆಂದು ಮೊದಲು ತಿಳಿದಿರಬೇಕು.

ಕೇಳುವಾಗ ಮೂರು ಸಂಗತಿಗಳನ್ನು ಅವಳು ಒಂದು ಹಾಳೆಯಲ್ಲಿ ಬರೆದುಕೊಂಡರೆ ಸಾಕು. ಯಾವ ತಾಳ, ಒಂದು ಆವರ್ತನಕ್ಕೆ ಎಷ್ಟು ಸೆಕೆಂಡು. ರಾಗದ ಮುಖ್ಯ ಸ್ವರ ಮೊದಲ ಬಾರಿ ಪೂರ್ತಿಯಾಗಿ ಕಾಣಿಸಿಕೊಂಡದ್ದು ಎಷ್ಟನೆಯ ಆವರ್ತನದಲ್ಲಿ. ಬಂದಿಶಿನ ಅಂತರಾವನ್ನು ಹಾಡಿದರೇ, ಹಾಡಿದ್ದರೆ ಯಾವಾಗ. ಇಷ್ಟನ್ನು ಕೆಲವು ಗಾಯಕರ ವಿಷಯದಲ್ಲಿ ಬರೆದ ಮೇಲೆ ಘರಾಣೆಗಳ ವ್ಯತ್ಯಾಸವನ್ನು ಯಾರೂ ಅವಳಿಗೆ ಹೇಳಿಕೊಡಬೇಕಾಗುವುದಿಲ್ಲ. ಫೋನಿನ ಸಣ್ಣ ಸ್ಪೀಕರಿನಲ್ಲಿ ಕೇಳಿಸಬೇಡಿ. ಅದರಲ್ಲಿ ತಂಬೂರಿಯ ಮಂದ್ರದ ತಂತಿ ಮಾಯವಾಗುತ್ತದೆ, ತಂಬೂರಿ ಕೇಳದಿದ್ದರೆ ಕಿರಾಣಾದ ಸ್ವರ ಎಲ್ಲಿಗೆ ಹೊಂದಿಕೊಂಡಿದೆ ಎಂಬುದೇ ತಿಳಿಯುವುದಿಲ್ಲ. ಹಳೆಯ ಎಪ್ಪತ್ತೆಂಟು ಆರ್‌ಪಿಎಂ ತಟ್ಟೆಗಳ ಮೂರು ನಿಮಿಷದ ಮುದ್ರಣಗಳು ಮೊದಮೊದಲಿಗೆ ಬೇಡ, ಅವುಗಳಲ್ಲಿ ಗಾಯಕರು ಸಮಯಕ್ಕೆ ತಕ್ಕಂತೆ ರಾಗವನ್ನು ಕುಗ್ಗಿಸಿದ್ದಾರೆ. ಎಲ್ಲಕ್ಕಿಂತ ಒಳ್ಳೆಯದು ಬೈಠಕ್, ಅಂದರೆ ಎದುರಿಗೆ ಕುಳಿತು ಕೇಳುವ ಕಛೇರಿ. ಸಿರ್ಸಿ, ಯಲ್ಲಾಪುರ, ಹೊನ್ನಾವರಗಳ ಕಡೆ ಸಭಾಭವನಗಳಲ್ಲಿಯೂ ಮನೆಯ ಜಗುಲಿಗಳಲ್ಲಿಯೂ ನಡೆಯುವ ಕಾರ್ಯಕ್ರಮಗಳಿಗೆ ಕರೆದುಕೊಂಡು ಹೋಗಿ, ತಬಲಾದವರ ಕೈ ಕಾಣುವ ಜಾಗದಲ್ಲಿ ಕೂರಿಸಿ.

ಪರೀಕ್ಷೆಯ ಬಗ್ಗೆ ನೀವು ಕೇಳಿಲ್ಲ, ಆದರೂ ಈ ವಯಸ್ಸಿಗೆ ಆ ಮಾತು ಬರುತ್ತದೆ. ನಮ್ಮ ಭಾಗದಲ್ಲಿ ಕೆಲವು ಮಕ್ಕಳು ರಾಜ್ಯದ ಜೂನಿಯರ್, ಸೀನಿಯರ್ ಪರೀಕ್ಷೆಗಳನ್ನೂ ಗಾಂಧರ್ವ ಮಹಾವಿದ್ಯಾಲಯ ಮಂಡಲದ ಪ್ರಾರಂಭಿಕ, ಪ್ರವೇಶಿಕಾ ಪರೀಕ್ಷೆಗಳನ್ನೂ ಒಟ್ಟಿಗೆ ಬರೆಯುತ್ತಾರೆ. ಎರಡಕ್ಕೂ ಸೇರಿ ವರ್ಷಕ್ಕೆ ಹತ್ತು ಹನ್ನೆರಡು ರಾಗ ಮುಗಿಸುವ ಅವಸರದಲ್ಲಿ ಒಂದು ರಾಗದ ಮೇಲೆ ನಿಲ್ಲುವ ಕಿರಾಣಾದ ಪಾಠವೇ ತಪ್ಪಿಹೋಗುತ್ತದೆ. ಒಂದನ್ನು ಆರಿಸಿಕೊಳ್ಳಿ, ಗುರುಗಳು ಬೇಡವೆಂದ ವರ್ಷ ಅದನ್ನೂ ಬಿಡಿ. ಮನೆಯಲ್ಲಿ ತಬಲಾ, ತಂಬೂರಿ ಇದ್ದರೆ ಜೂನಿನಿಂದ ಸೆಪ್ಟೆಂಬರ್‌ವರೆಗೆ ಅವನ್ನು ಗೋಡೆಗೆ ಒರಗಿಸದೆ ಬಟ್ಟೆ ಸುತ್ತಿ ಅಡುಗೆಮನೆಯ ಬೆಚ್ಚಗಿನ ಬದಿಯ ಕೋಣೆಯಲ್ಲಿಡಿ. ಕರಾವಳಿಯ ಮಳೆಗಾಲದ ತೇವಕ್ಕೆ ತಬಲಾದ ಚರ್ಮ ಸಡಿಲಾಗಿ ಶ್ರುತಿ ಇಳಿಯುತ್ತದೆ, ಉಕ್ಕಿನ ತಂತಿಗಳಿಗೆ ತುಕ್ಕು ಹಿಡಿಯುತ್ತದೆ. ಆ ತಿಂಗಳುಗಳಲ್ಲಿ ಅಭ್ಯಾಸಕ್ಕೆ ಎಲೆಕ್ಟ್ರಾನಿಕ್ ತಂಬೂರಿ ಬಳಸಿದರೆ ತಪ್ಪೇನಿಲ್ಲ, ಮಾಲಕಂಸ ಹಾಡುವ ದಿನ ಅದರ ಮೊದಲ ತಂತಿಯನ್ನು ಪಂಚಮದಿಂದ ಮಧ್ಯಮಕ್ಕೆ ಬದಲಾಯಿಸಲು ಮರೆಯದಿದ್ದರಾಯಿತು.